ಬಾಡಿಗೆ ಕಟ್ಟದ ‘ಟೆನೆಂಟ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಹಾಳೆಯಷ್ಟು ವಿಷಯವನ್ನು ಕನ್ನಡದಲ್ಲಿ ಬರೆದುಕೊಡಬೇಕಿದೆ. ಎರಡು ಮೂರು ಪದಗಳಲ್ಲಿ ಸಿಕ್ಕಿಕೊಂಡು ವಾರದಿಂದ ಮುಂದಕ್ಕೆ ಹೋಗುತ್ತಿಲ್ಲ. ಹಿನ್ನೆಲೆ ಹೇಳದೆ ಬರೀ ಪದ ಕೇಳಿದರೆ ತಪ್ಪು ಪದವೇ ಸಿಗುತ್ತದೆ. ಹಾಗಾಗಿ ಸ್ವಲ್ಪ ಮನೆ ಕತೆ ಸಹಿಸಿಕೊಳ್ಳಿ.

ನನ್ನ ಇಬ್ಬರು ಸೋದರತ್ತೆಯರು ನರ್ಸ್ ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಹೋದವರು ಅಲ್ಲೇ ಉಳಿದರು. ಇಬ್ಬರೂ ಮದುವೆ ಆಗಲಿಲ್ಲ. ಲೆಸ್ಟರ್ ಊರಿನಲ್ಲಿ ಇಬ್ಬರ ಹೆಸರಲ್ಲೂ ಒಂದು ಮನೆ ಕೊಂಡು ಜೊತೆಗಿದ್ದರು. ಹೋದ ವರ್ಷ ದೊಡ್ಡತ್ತೆ ತೀರಿಕೊಂಡರು. ಬ್ಯಾಂಕಿನಲ್ಲಿದ್ದ ಹಣವನ್ನು ಉಯಿಲಿನಲ್ಲಿ ಅಪ್ಪನಿಗೆ ಬರೆದಿದ್ದರು. ಅದಕ್ಕೇ ಅಲ್ಲಿನ ವಕೀಲರ ಪತ್ರ ಅಪ್ಪನಿಗೂ ಬಂತು. ಅಪ್ಪ ಮಂಡ್ಯದಲ್ಲಿ, ನಾನು ಮೈಸೂರಿನಲ್ಲಿ. ನಾನು ಬರುವ ತನಕ ಕಾಯಲಾರದೆ, ಪಕ್ಕದ ಮನೆ ಹುಡುಗನ ಫೋನಿಗೆ ಪತ್ರ ತೋರಿಸಿ ಕನ್ನಡ ಮಾಡಿಸಿಕೊಂಡಿದ್ದಾರೆ. ಪತ್ರದಲ್ಲಿದ್ದ ‘ಜಾಯಿಂಟ್ ಟೆನೆಂಟ್ಸ್’ ಅಲ್ಲಿ ‘ಜಂಟಿ ಬಾಡಿಗೆದಾರರು’ ಆಗಿದೆ.

ರಾತ್ರಿ ಹತ್ತಕ್ಕೆ ಫೋನ್. “ಏನವ್ವಾ ಇದು? ನಮ್ಮಕ್ಕ ಅಷ್ಟು ವರ್ಷ ಸಾಲದ ಕಂತು ಕಟ್ಟಿದ ಮನೆ ಬಾಡಿಗೆ ಮನೆಯಂತೆ?”

ಆ ಗಾಬರಿ ಇಳಿಸಿದೆ. ಆದರೆ ಅಷ್ಟರಲ್ಲಿ ಊರಿನಲ್ಲಿರುವ ಚಿಕ್ಕಪ್ಪಂದಿರು ಇನ್ನೊಂದು ಪ್ರಶ್ನೆ ಎತ್ತಿದ್ದರು. ಮನೆ ಇಬ್ಬರ ಹೆಸರಲ್ಲಿ ಜಂಟಿಯಾಗಿತ್ತು ಅಂದಮೇಲೆ ಅಕ್ಕನ ಅರ್ಧ ನಮಗೆಲ್ಲ ಬರಬೇಕಲ್ವಾ? ವಂಶವೃಕ್ಷ ಮಾಡಿಸಿ ಕಳಿಸಬೇಕಾ? ಅವರಿಗೆ ಆಸೆ ಅಂತಲ್ಲ. ನಮ್ಮ ಕಡೆ ‘ಜಂಟಿ’ ಅಂದರೆ ಯಾರಿಗಾದರೂ ಹೊಳೆಯೋದು ಅದೇ. ಅದಕ್ಕೇ ಅಪ್ಪ ಹೇಳಿದ್ದು, “ಎಲ್ಲರಿಗೂ ಅರ್ಥ ಆಗೋ ಹಾಗೆ ಒಂದು ಹಾಳೆ ಬರ್ಕೊಡು, ಕೂರಿಸಿ ಓದ್ತೀನಿ.”

ಮೊದಲ ತೊಡಕು ‘ಟೆನೆಂಟ್’. ಬಾಡಿಗೆದಾರ ಅಂತೂ ಆಗುವುದಿಲ್ಲ. ‘ಗೇಣಿದಾರ’ ಇನ್ನೂ ಅಪಾಯ. ಮಂಡ್ಯದಲ್ಲಿ ಗೇಣಿ ಅಂದರೆ 1974ರ ಭೂಸುಧಾರಣೆ, ಏಳನೇ ನಂಬರ್ ಫಾರಂ (ಉಳುತ್ತಿದ್ದ ಜಮೀನನ್ನು ತನ್ನ ಹೆಸರಿಗೆ ಕೇಳಿ ಹಾಕುತ್ತಿದ್ದ ಅರ್ಜಿ), ಉಳುವವನೇ ಹೊಲದೊಡೆಯ ಇಷ್ಟೂ ಒಟ್ಟಿಗೆ ನೆನಪಾಗುತ್ತವೆ. ಬೇರೆಯವರ ಜಮೀನು ಉಳುತ್ತಿದ್ದವನು ಗೇಣಿದಾರ. ನಮ್ಮತ್ತೆಯರು ಯಾರ ಜಮೀನನ್ನೂ ಉಳಲಿಲ್ಲ.

ಆದರೆ ಇಂಗ್ಲಿಷಿನ ಆ ಪದದ ಬೇರು ನೋಡಿದರೆ ಬಾಡಿಗೆಯ ಮಾತೇ ಇಲ್ಲ. ಫ್ರೆಂಚಿನಲ್ಲಿ ‘ಹಿಡಿ’ ಎನ್ನುವ ಅರ್ಥದ ಕ್ರಿಯಾಪದದಿಂದ ಬಂದದ್ದು. ಟೆನೆಂಟ್ ಅಂದರೆ ಹಿಡಿದುಕೊಂಡಿರುವವನು, ಅಷ್ಟೇ. ಅಂದರೆ ನಮ್ಮ ‘ಹಿಡುವಳಿದಾರ’! ‘ಹಿಡಿ’ಯಿಂದ ಹಿಡುವಳಿ. ಇದು ಹೊಳೆದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಎರಡು ಭಾಷೆಗಳು ಒಂದಕ್ಕೊಂದು ಸಂಬಂಧ ಇಲ್ಲದೆ ಒಂದೇ ದಾರಿ ಹಿಡಿದಿವೆ. ಅಪ್ಪನಿಗೆ ಹೇಳಿದೆ. “ಅದು ಜಮೀನಿಗೆ ಕಣವ್ವ. ಸಣ್ಣ ಹಿಡುವಳಿದಾರರ ಸರ್ಟಿಫಿಕೇಟ್ ಅಂತ ನಾಡಕಚೇರೀಲಿ ಕೊಡ್ತಾರಲ್ಲ, ಅದು” ಅಂದರು. ಖುಷಿ ಅರ್ಧ ಇಳಿಯಿತು. ಮನೆಗೂ ಹಿಡುವಳಿ ಅನ್ನಬಹುದಾ? ಇದು ನನ್ನ ಮೊದಲ ಪ್ರಶ್ನೆ.

ಎರಡನೆಯದು ‘ಜಂಟಿ’. ನಿಜವಾದ ಗಂಟು ಇರುವುದು ಇಲ್ಲೇ. ಇಂಗ್ಲೆಂಡಿನ ಕಾನೂನಿನಲ್ಲಿ ಇಬ್ಬರು ಸೇರಿ ಮನೆ ಇಟ್ಟುಕೊಳ್ಳಲು ಎರಡು ಬಗೆ ಇದೆ. ‘ಜಾಯಿಂಟ್ ಟೆನೆಂಟ್ಸ್’ ಆದರೆ ಇಡೀ ಮನೆ ಇಬ್ಬರದೂ, ಬೇರೆ ಬೇರೆ ಪಾಲು ಅಂತ ಇರುವುದಿಲ್ಲ. ಒಬ್ಬರು ಸತ್ತರೆ ಉಳಿದವರಿಗೆ ತಾನಾಗಿ ಪೂರ್ತಿ ಸೇರುತ್ತದೆ. ಉಯಿಲಿನಲ್ಲಿ ಬೇರೆ ಯಾರಿಗೆ ಬರೆದಿದ್ದರೂ ನಡೆಯುವುದಿಲ್ಲ. ‘ಟೆನೆಂಟ್ಸ್ ಇನ್ ಕಾಮನ್’ ಆದರೆ ಒಬ್ಬೊಬ್ಬರಿಗೂ ಇಂತಿಷ್ಟು ಅಂತ ಪಾಲು ಇರುತ್ತದೆ. ಸತ್ತವರ ಪಾಲು ಅವರ ಉಯಿಲಿನಂತೆ, ಉಯಿಲು ಇಲ್ಲದಿದ್ದರೆ ವಾರಸುದಾರರಿಗೆ.

ಕನ್ನಡದಲ್ಲಿ ಎರಡಕ್ಕೂ ‘ಜಂಟಿ ಮಾಲೀಕತ್ವ’ ಅಂದುಬಿಡುತ್ತೇವೆ. ಪಹಣಿಯಲ್ಲಿ ನಾಲ್ಕು ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ, ಒಬ್ಬ ಸತ್ತಾಗ ಅವನ ಹೆಂಡತಿ ಮಕ್ಕಳು ಪೌತಿ ಖಾತೆಗೆ ಅರ್ಜಿ ಹಾಕುತ್ತಾರೆ. ಉಳಿದ ಮೂವರಿಗೆ ತಾನಾಗಿ ಹೋಗುವುದಿಲ್ಲ. ಅಂದರೆ ನಮ್ಮ ಊರಿನ ‘ಜಂಟಿ’ ಇಂಗ್ಲೆಂಡಿನ ಎರಡನೇ ಬಗೆಗೆ ಹತ್ತಿರ, ಹೆಸರು ಮಾತ್ರ ಮೊದಲನೆಯದರದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 19ನೇ ಕಲಮು ಇದನ್ನು ಬಿಡಿಸಿಯೇ ಹೇಳುತ್ತದೆ. ಉಯಿಲು ಬರೆಯದೆ ಸತ್ತವರ ಆಸ್ತಿ ಹಲವರಿಗೆ ಒಟ್ಟಿಗೆ ಬಂದರೆ ಅವರು ‘ಟೆನೆಂಟ್ಸ್ ಇನ್ ಕಾಮನ್’, ‘ಜಾಯಿಂಟ್ ಟೆನೆಂಟ್ಸ್’ ಅಲ್ಲ. ಚಿಕ್ಕಪ್ಪಂದಿರು ವಂಶವೃಕ್ಷ ಕೇಳಿದ್ದರಲ್ಲಿ ತಪ್ಪೇನಿದೆ ಹೇಳಿ.

ಮೊದಲನೇ ಬಗೆ ನಮಗೆ ಪೂರ್ತಿ ಹೊಸದೂ ಅಲ್ಲ. ಒಬ್ಬರು ಸತ್ತರೆ ಉಳಿದವರ ಕೈಗೆ ಬ್ಯಾಂಕು ಹಣ ಕೊಡುವ ‘ಐದರ್ ಆರ್ ಸರ್ವೈವರ್’ ಖಾತೆ ಎಲ್ಲರಿಗೂ ಗೊತ್ತು. ಇನ್ನೂ ಹಿಂದಕ್ಕೆ ಹೋದರೆ, ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಬರೆದ ಧರ್ಮಶಾಸ್ತ್ರದ ಗ್ರಂಥ ಮಿತಾಕ್ಷರವೇ ಇದೆ. ಅದರ ದಾರಿಯಲ್ಲಿ ನಡೆದ ಕೂಡು ಕುಟುಂಬದಲ್ಲಿ ಒಬ್ಬ ಸತ್ತರೆ ಅವನದು ಉಳಿದವರಿಗೆ ಸೇರುತ್ತಿತ್ತು. ‘ನಾನು ಬೇರೆ’ ಅಂತ ಒಬ್ಬ ಖಚಿತವಾಗಿ ತಿಳಿಸಿದರೆ ಸಾಕು, ಗೋಡೆ ಎಬ್ಬಿಸದಿದ್ದರೂ ಪಾಲು ಬೇರೆ ಆದಂತೆ. ಇಂಗ್ಲೆಂಡಿನಲ್ಲೂ ಹಾಗೇ, ಒಬ್ಬರು ಇನ್ನೊಬ್ಬರಿಗೆ ಬರವಣಿಗೆಯಲ್ಲಿ ನೋಟೀಸ್ ಕೊಟ್ಟರೆ ಮೊದಲ ಬಗೆ ಎರಡನೇ ಬಗೆ ಆಗುತ್ತದೆ. ನಮ್ಮಲ್ಲಿ ಉಳಿದವರಿಗೆ ಸೇರುವ ಆ ಪದ್ಧತಿಯನ್ನು ಉತ್ತರಾಧಿಕಾರ ಕಾಯ್ದೆಗೆ ಬಂದ 2005ರ ತಿದ್ದುಪಡಿ ತೆಗೆದುಹಾಕಿತು. ಪದ್ಧತಿ ಹೋಯಿತು, ಅದಕ್ಕೆ ಜನ ಬಳಸುತ್ತಿದ್ದ ಮಾತು ಏನಿತ್ತು? ಹಿರಿಯರು ಯಾರಾದರೂ ಕೇಳಿದ್ದರೆ ದಯವಿಟ್ಟು ತಿಳಿಸಿ. ಕಾನೂನು ಪುಸ್ತಕದ ಧಾಟಿಯಲ್ಲಿ ‘ಉತ್ತರಜೀವಿತ್ವ’ ಅಂತ ಬರೆದು ತೋರಿಸಿದೆ. “ಸತ್ತ ಮೇಲೆ ಸ್ವರ್ಗದಲ್ಲಿ ಇರೋದಾ?” ಅಂತ ಕೇಳಿದರು ಅಪ್ಪ. ‘ಬದುಕುಳಿದವರು’ ಅಂದರೆ ಬಸ್ ಅಪಘಾತದ ಸುದ್ದಿಯ ಹಾಗಿರುತ್ತದೆ. ಸದ್ಯಕ್ಕೆ ‘ಉಳಿದವರ ಹಕ್ಕು’ ಅಂತ ಇಟ್ಟಿದ್ದೇನೆ.

ಎರಡು ಬಗೆಗೆ ‘ಕೂಡು ಹಿಡುವಳಿ’, ‘ಪಾಲು ಹಿಡುವಳಿ’ ಅಂದರೆ ಹೇಗೆ? ‘ಒಟ್ಟು ಹಿಡುವಳಿ’ ಅಂತಲೂ ಯೋಚಿಸಿದ್ದೆ. ಅದು ಎಷ್ಟು ಎಕರೆ ಅಂತ ಲೆಕ್ಕ ಕೇಳಿದ ಹಾಗಾಗುತ್ತದೆ, ಬಿಟ್ಟೆ.

ಇನ್ನು ತೆರಿಗೆ, ಒಬ್ಬರು ಸತ್ತಾಗ ಇಂಗ್ಲೆಂಡಿನಲ್ಲಿ ಬೀಳುವ ‘ಇನ್ಹೆರಿಟೆನ್ಸ್ ಟ್ಯಾಕ್ಸ್’. ಮನೆ ತಾನಾಗಿ ತಂಗಿಗೆ ಹೋದಮೇಲೆ ತೆರಿಗೆ ಯಾಕೆ ಅನ್ನೋದು ಅಪ್ಪನ ಪ್ರಶ್ನೆ. ಉಯಿಲಿನ ಆಚೆಗೆ ಹೋದರೂ ತೆರಿಗೆಯ ಲೆಕ್ಕದಿಂದ ಆಚೆಗೆ ಹೋಗುವುದಿಲ್ಲ. ಸತ್ತವರ ಅರ್ಧವನ್ನು ಅವರ ಆಸ್ತಿಗೆ ಸೇರಿಸಿಯೇ ನೋಡುತ್ತಾರೆ. ಗಂಡ ಹೆಂಡತಿ ನಡುವೆ ಆದರೆ ಸಾಮಾನ್ಯವಾಗಿ ತೆರಿಗೆ ಇಲ್ಲ. ಅಕ್ಕತಂಗಿಯರಿಗೆ ಆ ವಿನಾಯಿತಿ ಇಲ್ಲ. 3,25,000 ಪೌಂಡ್ ತನಕ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ ಶೇ. 40. ಮನೆ ಮಕ್ಕಳಿಗೋ ಮೊಮ್ಮಕ್ಕಳಿಗೋ ಹೋದರೆ ಇನ್ನೂ 1,75,000ದವರೆಗೆ ವಿನಾಯಿತಿ ಸಿಗುತ್ತದೆ, ತಂಗಿಗೆ ಅದೂ ಇಲ್ಲ. ಹಾಳೆಯಲ್ಲಿ ಒಂದು ಸುಲಭ ಲೆಕ್ಕ ಹಾಕಿದ್ದೇನೆ, ನಮ್ಮ ಮನೆಯ ಅಂಕಿ ಅಲ್ಲ. ಮನೆ ಬೆಲೆ 5 ಲಕ್ಷ ಪೌಂಡ್, ಅಕ್ಕನ ಅರ್ಧ ಎರಡೂವರೆ ಲಕ್ಷ, ಬ್ಯಾಂಕಿನಲ್ಲಿ 1,25,000. ಒಟ್ಟು 3,75,000. ಮೇಲಿನ 50,000ಕ್ಕೆ ತೆರಿಗೆ 20,000. ಅದರಲ್ಲಿ ಮನೆಯ ಅರ್ಧಕ್ಕೆ ಬೀಳುವಷ್ಟು, ಆ ಮನೆಯಲ್ಲೇ ಕೂತಿರುವ ತಂಗಿಯ ತಲೆಗೆ. ಮನೆಯ ಪಾಲಿಗೆ ಬಂದದ್ದನ್ನು ಹತ್ತು ವರ್ಷದ ಕಂತಿನಲ್ಲಿ ಕಟ್ಟಬಹುದು, ಬಡ್ಡಿ ಬೀಳುತ್ತದೆ. ಅರ್ಧ ಮನೆ ಕೊಳ್ಳಲು ಗಿರಾಕಿ ಸಿಗಲ್ಲ ಅಂತ ಆ ಅರ್ಧದ ಬೆಲೆಯನ್ನು ತುಸು ಕಡಿಮೆ ಹಿಡಿಯುವುದೂ ಉಂಟು.

ಇದೇ ಅನ್ಯಾಯ ಅಂತ ಬರ್ಡನ್ ಅನ್ನುವ ಇಬ್ಬರು ವಯಸ್ಸಾದ ಅಕ್ಕತಂಗಿಯರು ಯುರೋಪಿನ ಮಾನವ ಹಕ್ಕು ನ್ಯಾಯಾಲಯದ ತನಕ ಹೋಗಿದ್ದರು. ಹುಟ್ಟಿದಾಗಿನಿಂದ ಜೊತೆಗೇ ಇದ್ದವರು. 2008ರಲ್ಲಿ 15 ನ್ಯಾಯಾಧೀಶರು ಅವರ ವಿರುದ್ಧ, ಇಬ್ಬರು ಅವರ ಪರ. ಸೋತರು. ಚಿಕ್ಕತ್ತೆಗೆ ಈ ಕತೆ ಮೊದಲೇ ಗೊತ್ತಿತ್ತು.

ಈ ತೆರಿಗೆಗೆ ಏನನ್ನಬೇಕು? ಪತ್ರಿಕೆಗಳಲ್ಲಿ ‘ಪಿತ್ರಾರ್ಜಿತ ತೆರಿಗೆ’ ಅಂತ ಬರುತ್ತದೆ. ನನಗೆ ಅದು ಒಪ್ಪಿಗೆ ಇಲ್ಲ. ಪಿತ್ರಾರ್ಜಿತ, ಸ್ವಯಾರ್ಜಿತ ಎರಡೂ ನಮ್ಮ ತಾಲ್ಲೂಕು ಕಚೇರಿಯ ಹೊರಗೆ ಟೀ ಕುಡಿಯುವವರಿಗೂ ಗೊತ್ತಿರುವ ಮಾತು. ಅತ್ತೆಯರ ಮನೆ ಸ್ವಯಾರ್ಜಿತ. ಅಜ್ಜನ ಆಸ್ತಿ ಅದರಲ್ಲಿ ಒಂದು ಇಟ್ಟಿಗೆಯೂ ಇಲ್ಲ. ‘ಪಿತ್ರಾರ್ಜಿತ ತೆರಿಗೆ’ ಅಂತ ಓದಿದರೆ ಚಿಕ್ಕಪ್ಪಂದಿರು ಮತ್ತೆ ಮೊದಲಿಗೇ ಬರುತ್ತಾರೆ. ‘ವಾರಸು ತೆರಿಗೆ’ ಅನ್ನೋಣವೆಂದರೆ, ಅಲ್ಲಿ ಲೆಕ್ಕ ಹಾಕುವುದು ಸತ್ತವರ ಒಟ್ಟು ಆಸ್ತಿಯ ಮೇಲೆ, ಒಬ್ಬೊಬ್ಬ ವಾರಸುದಾರರಿಗೆ ಎಷ್ಟು ಬಂತು ಅನ್ನೋದರ ಮೇಲಲ್ಲ. ನಮ್ಮ ದೇಶದಲ್ಲೂ 1953ರಿಂದ 1985ರ ತನಕ ಎಸ್ಟೇಟ್ ಡ್ಯೂಟಿ ಇತ್ತು, ಮೇಲಿನ ದರ ಶೇ. 85ರವರೆಗೆ ಹೋಗಿತ್ತು. ಅದೂ ಸತ್ತವರ ಆಸ್ತಿಯ ಮೇಲಿನದೇ.

ನನ್ನ ಸೂಚನೆ ‘ಪೌತಿ ತೆರಿಗೆ’. ಅರಬ್ಬಿಯ ಫೌತ್, ಸಾವು. ಪೌತಿ ಖಾತೆ ಅಂದರೆ ಮಂಡ್ಯದಲ್ಲಿ ಓದು ಬರಹ ಬರದವರಿಗೂ ಗೊತ್ತು. ಒಬ್ಬರು ಸತ್ತದ್ದಕ್ಕೆ ಆಸ್ತಿ ಕೈ ಬದಲಾಗುವುದು ಅನ್ನುವ ಅರ್ಥ ಪೂರ್ತಿ ಅದರಲ್ಲಿದೆ. (ಸುಮ್ನೆ ಒಂದು ಮಾತು: ಇಂಗ್ಲೆಂಡಿನಲ್ಲಿ ಎಸ್ಟೇಟ್ ಡ್ಯೂಟಿ ಶುರುವಾದದ್ದೂ ಕಿಟೆಲ್ ನಿಘಂಟು ಅಚ್ಚಾದದ್ದೂ ಒಂದೇ ವರ್ಷ, 1894.) ಆದರೆ ಧಾರವಾಡ, ಬೆಳಗಾವಿ ಕಡೆಯವರಿಗೆ ‘ಪೌತಿ’ ಇಷ್ಟೇ ಸಲೀಸಾ? ಕರಾವಳಿಯಲ್ಲಿ ಏನಂತಾರೆ?

ಮೊನ್ನೆ ಭಾನುವಾರ ಕರಡು ಓದಿಸಿ ನೋಡಿದೆ. ‘ಪೌತಿ ತೆರಿಗೆ’ಗೆ ಯಾರೂ ಅರ್ಥ ಕೇಳಲಿಲ್ಲ. ‘ಕೂಡು ಹಿಡುವಳಿ’ ಬಂದಾಗ ಸಣ್ಣ ಚಿಕ್ಕಪ್ಪ ತಡೆದು, “ಅಂದ್ರೆ ಒಂದೇ ಒಲೆ, ಕೊನೇಗೆ ಉಳಿದೋರಿಗೆ ಒಲೆ, ಅಷ್ಟೇ ತಾನೆ?” ಅಂದರು. ಆ ಮಾತನ್ನು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೇನೆ. ಮುಂದಿನ ಭಾನುವಾರ ಮತ್ತೆ ಮಂಡ್ಯಕ್ಕೆ ಹೋಗುತ್ತೇನೆ, ಅಷ್ಟರೊಳಗೆ ಯಾರಾದರೂ ಇದಕ್ಕಿಂತ ಒಳ್ಳೆ ಪದ ಕೊಟ್ಟರೆ ಪೆನ್ಸಿಲ್ ಅಳಿಸುತ್ತೇನೆ.