ಅಪ್‌ಡೇಟ್: ಸಾಮಿಲ್‌ನಲ್ಲಿ ಬೆರಳು ಹೋದ ನಮ್ಮ ಯಜಮಾನರ ಪರಿಹಾರ

ಸಾಗರದ ಹತ್ತಿರದ ಸಾಮಿಲ್‌ನಲ್ಲಿ 2024ರ ಮಳೆಗಾಲದಲ್ಲಿ ನಮ್ಮ ಯಜಮಾನರ 2 ಬೆರಳು ತುಂಡಾದವು, ಮಾಲೀಕರು 20,000 ಕೊಟ್ಟು 'ಇನ್ನೇನೂ ಕೇಳಲ್ಲ' ಅಂತ ಸಹಿ ಹಾಕಿಸಿಕೊಂಡರು, ಇನ್ನು ದಾರಿ ಇಲ್ವಾ ಅಂತ ಕೇಳಿದ್ದೆ ಅಲ್ವಾ? ದಾರಿ ಇದೆ. ಅಪಘಾತವಾದಾಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹಕ್ಕು ಬಿಟ್ಟುಕೊಡುವ ಅಂಥ ಸಹಿಗೆ ಬೆಲೆಯೇ ಇಲ್ಲ. ಅದನ್ನು ಕೇಳಿದಾಗ ಅತ್ತೇಬಿಟ್ಟೆ.

ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಸಿಕ್ಕಿದರು, ಫೀಸು ಇಲ್ಲ. ಅವರ ಲೆಕ್ಕ ಹೀಗಿದೆ: ತಿಂಗಳ ಸಂಬಳ 12,000, ಅದರ 60% ತೆಗೆದುಕೊಂಡು, ವಯಸ್ಸು 40ಕ್ಕೆ ಕಾಯ್ದೆಯ ಪಟ್ಟಿಯಲ್ಲಿರುವ 184.17ರಿಂದ ಗುಣಿಸಬೇಕು, 2 ಬೆರಳಿಗೆ ದುಡಿಯುವ ಶಕ್ತಿಯ ನಷ್ಟ 20%, ಅದಕ್ಕೆ ಬಂದ ಮೊತ್ತದ 20%. ಸುಮಾರು 2,65,000 ಆಗುತ್ತದೆ. ಆ ಕಾಯ್ದೆಯಡಿ ಅಪಘಾತವಾಗಿ 2 ವರ್ಷದೊಳಗೆ ಅರ್ಜಿ ಹಾಕಬೇಕಿತ್ತು, ನಾವು ಹಾಕಿದ್ದೇವೆ. ಸಾಮಿಲ್‌ನ ಹಾಜರಿ ಪುಸ್ತಕದಲ್ಲಿ ಯಜಮಾನರ ಹೆಸರಿಲ್ಲ, ಆದರೆ ಅವರು ಅಲ್ಲಿ ಕೆಲಸಕ್ಕಿದ್ದರು ಅಂತ ಜೊತೆಯವರಿಬ್ಬರು ಸಾಕ್ಷಿ ಹೇಳಲು ಒಪ್ಪಿದ್ದಾರೆ. ವಿಚಾರಣೆ ಇನ್ನೂ ನಡೆಯುತ್ತಿದೆ.