ಹಲ್ಲಿನ ಲ್ಯಾಬ್ ಗ್ರೂಪಿನ ಪ್ರಶ್ನೋತ್ತರ: ಝಿರ್ಕೋನಿಯಾ ಬ್ರಿಡ್ಜ್ ಮಾಡೆಲ್ ಮ್ಯಾಲೆ ಕೂಡವಲ್ದು

ಗಂಗಾವತಿ ಲ್ಯಾಬ್: ಸರ, ಮ್ಯಾಲಿನ ಮುಂದಿನ ಆರು ಯೂನಿಟ್ (ಹಲ್ಲು) ಕೂಡಿಸಿದ ಝಿರ್ಕೋನಿಯಾ (ಬಿಳಿ ಸೆರಾಮಿಕ್) ಬ್ರಿಡ್ಜ್, ಹಲ್ಲಿನ ನಂಬರ್ 13ರಿಂದ 23, ಅಂದ್ರ ಬಲ ಕೋರೆಹಲ್ಲಿಂದ ಎಡ ಕೋರೆಹಲ್ಲಿನತನಕ. ಆಧಾರದ ಹಲ್ಲು 13, 11, 23. ಹಲ್ಲಿನ ಅಚ್ಚಿನ ಮಾಡೆಲ್ ಮ್ಯಾಲೆ ಒಂದು ತುದಿ ಒತ್ತಿದ್ರ ಇನ್ನೊಂದು ತುದಿ ಏಳ್ತೈತಿ. ಅದೇ ಡಿಸೈನ್ ಫೈಲಿನ ಪಿಎಂಎಂಎ (ಪ್ಲಾಸ್ಟಿಕ್) ಟ್ರಯಲ್ ಚೊಲೋ ಕುಂತಿತ್ತು. ಸಿಂಗಲ್ ಕ್ರೌನ್ (ಒಂದೊಂದೇ ಹಲ್ಲಿನ ಟೋಪಿ) ಎಲ್ಲಾ ಸರಿ ಬರಾಕತ್ತಾವ. ತಪ್ಪು ಎಲ್ಲೈತ್ರಿ?

ಮಾನ್ವಿ: ಸಿಂಟರಿಂಗ್ (ಫರ್ನೇಸಿನಲ್ಲಿ ಸುಟ್ಟು ಗಟ್ಟಿ ಮಾಡೋ) ಟೆಂಪರೇಚರ್ ಎಷ್ಟಿಡಬೇಕು ಸರ್?

ಉತ್ತರ (ಬಳ್ಳಾರಿ ಲ್ಯಾಬ್): ಮಾನ್ವಿಯವರೆ, ಹೆಚ್ಚಿನ ಡಿಸ್ಕಿಗೆ (ಮಿಲ್ ಮಾಡುವ, ಅಂದ್ರೆ ಮಷಿನ್‌ನಲ್ಲಿ ಕೆತ್ತುವ ಝಿರ್ಕೋನಿಯಾ ಬಿಲ್ಲೆಗೆ) 1450ರಿಂದ 1550 ಡಿಗ್ರಿ. ನಿಮ್ಮದಕ್ಕೆ ಎಷ್ಟು ಅಂತ ಕಂಪನಿ ಚಾರ್ಟ್ ನೋಡಿ.

ಗಂಗಾವತಿಯವರೆ, ಪಿಎಂಎಂಎ ಟ್ರಯಲ್ ಮಾಡಿದ್ದು ಬಹಳ ಒಳ್ಳೇದಾಯ್ತು. ಅದು ಫರ್ನೇಸಿಗೆ ಹೋಗೋದಿಲ್ಲ, ಕುಗ್ಗೋದಿಲ್ಲ. ಅದು ಕೂತಿದೆ ಅಂದ್ರೆ ಸ್ಕ್ಯಾನ್, ಡಿಸೈನ್ ಮೇಲೆ ಅನುಮಾನ ಬೇಡ. ಉಳಿದದ್ದು ಎರಡು: ಕುಗ್ಗುವ ಲೆಕ್ಕ ತಪ್ಪಿರಬೇಕು, ಇಲ್ಲಾ ಬ್ರಿಡ್ಜ್ ಸಿಂಟರಿಂಗ್‌ನಲ್ಲಿ ಬಾಗಿರಬೇಕು.

ಮೊದಲು ಲೆಕ್ಕ. ಝಿರ್ಕೋನಿಯಾ ಸಿಂಟರಿಂಗ್‌ನಲ್ಲಿ ಕುಗ್ಗುತ್ತೆ, ಅದಕ್ಕೆ ಎಷ್ಟು ಪಟ್ಟು ದೊಡ್ಡದಾಗಿ ಮಿಲ್ ಮಾಡಬೇಕು ಅಂತ ಪ್ರತಿ ಡಿಸ್ಕ್ ಮೇಲೆ ಒಂದು ಸಂಖ್ಯೆ ಇರುತ್ತಲ್ಲ, 1.24, 1.25 ಅಂತ? ಬ್ಯಾಚ್ ಬದಲಾದ್ರೆ ಅದೂ ಬದಲಾಗುತ್ತೆ. ಸಾಫ್ಟ್‌ವೇರಿನಲ್ಲಿ ಹಳೇ ಡಿಸ್ಕಿನ ಸಂಖ್ಯೆ ಉಳಿದಿದ್ರೆ 0.01 ವ್ಯತ್ಯಾಸಕ್ಕೆ ನೂರಕ್ಕೆ 0.8ರಷ್ಟು ಅಳತೆ ತಪ್ಪುತ್ತೆ. 8 ಮಿಮೀ ಕ್ರೌನ್‌ನಲ್ಲಿ ಅದು 64 ಮೈಕ್ರಾನ್, ಒಂದೊಂದು ಪಕ್ಕಕ್ಕೆ 32. ಸಿಮೆಂಟ್ ಗ್ಯಾಪ್ (ಹಲ್ಲಿಗೂ ಕ್ರೌನಿಗೂ ನಡುವೆ ಸಿಮೆಂಟಿಗೆ ಬಿಡೋ ಜಾಗ) 50 ಮೈಕ್ರಾನ್ ಇಟ್ಟಿದ್ರೆ ಅದರೊಳಗೇ ಮುಚ್ಚಿಹೋಗುತ್ತೆ. 35 ಮಿಮೀ ಬ್ರಿಡ್ಜ್‌ನಲ್ಲಿ ಅದೇ ತಪ್ಪು 0.28 ಮಿಮೀ! ಎಲ್ಲಿ ಮುಚ್ಚಿಡ್ತೀರಿ? ಅದಕ್ಕೇ ಸಿಂಗಲ್ ಕೂರುತ್ತೆ, ಬ್ರಿಡ್ಜ್ ಕೂರಲ್ಲ.

ಸಂಖ್ಯೆ ಸರಿ ಇದ್ರೆ ಬಾಗಿದೆ ಅಂತಲೇ. ಕಮಾನಿನ ಆಕಾರದ ಬ್ರಿಡ್ಜಿಗೆ ಹಿಂದಿನ ಎರಡು ತುದಿ ಕೂಡಿಸುವ ಸಪೋರ್ಟ್ ಇಟ್ಟೇ ಸಿಂಟರ್ ಮಾಡಬೇಕು. ಮಿಲ್ಲಿಂಗ್ ಆದಮೇಲೆ ಅದನ್ನ ಕತ್ತರಿಸಿದ್ರಾ? ಟ್ರೇದಲ್ಲಿ ಬ್ರಿಡ್ಜ್ ಕೆಳಗೆ ಸಿಂಟರಿಂಗ್ ಮಣಿ ಹಾಕಿದ್ರಾ, ಬರೀ ತಳದ ಮೇಲೆ ಇಟ್ರಾ? ಲಾಂಗ್ ಸ್ಪ್ಯಾನ್ (ಉದ್ದ ಬ್ರಿಡ್ಜಿನ ನಿಧಾನ) ಸೈಕಲ್ ಬಿಟ್ಟು ಫಾಸ್ಟ್ ಓಡಿಸಿದ್ರಾ? ಎಲ್ಲಾ ಬರೀರಿ.

ಸಿಂಧನೂರು: ಗ್ರೂಪಿಗೆ ಬಂದ ಫಾರ್ವರ್ಡ್ ಹಾಕೀನಿ: "ಕೂಡದ ಬ್ರಿಡ್ಜ್ ಮ್ಯಾಲೆ ಭಾರ ಇಟ್ಟು ಮತ್ತೊಮ್ಮೆ ಫರ್ನೇಸಿಗೆ ಹಾಕ್ರಿ, ತಾನೇ ಸೆಟ್ ಆಗ್ತದ. ಇಲ್ಲಂದ್ರ ಸಿಮೆಂಟ್ ಗ್ಯಾಪ್ 150 ಮಾಡ್ರಿ." ಉಪಯೋಗ ಆಗ್ತದ.

ಉತ್ತರ: ಯಾರಿಗೂ ಉಪಯೋಗ ಇಲ್ಲ. ಒಮ್ಮೆ ಸಿಂಟರ್ ಆದ ಝಿರ್ಕೋನಿಯಾ ಭಾರ ಹೇರಿದ್ರೆ ನೆಟ್ಟಗಾಗಲ್ಲ. ಗ್ಯಾಪ್ 150 ಮಾಡಿದ್ರೆ ಮಾಡೆಲ್ ಮೇಲೆ ಕೂರುತ್ತೆ, ಬಾಯಲ್ಲಿ ಸಡಿಲಾಗಿ ಸಿಮೆಂಟ್ ಕೈಕೊಡುತ್ತೆ. ಒಳಗೆ ನೀರಿಲ್ಲದೆ ಒಣ ಬರ್ (ಕೊರೆಯುವ ಕಡ್ಡಿ) ಹಚ್ಚಿ ಕೆರೆಯೋದೂ ಬೇಡ, ಕಣ್ಣಿಗೆ ಕಾಣದ ಬಿರುಕು ಬೀಳುತ್ತೆ. ಇದು ಮೆಟಲ್ ಅಲ್ಲ, ಕತ್ತರಿಸಿ ಸೋಲ್ಡರ್ ಮಾಡೋಕೂ ಬರಲ್ಲ.

ಸಿಂಧನೂರು: ಫಾರ್ವರ್ಡ್ ಮಾಡೀನಿ ಅಷ್ಟ. ಸಿಟ್ಟ್ಯಾಕ್ರಿ.

ರಾಯಚೂರು ಡೆಂಟಿಸ್ಟ್: ನನ್ನ ಪೇಶಂಟ್ ಮೂರನೇ ಸಲ ಬಂದು ಹೋದರು, ಬ್ರಿಡ್ಜ್ ಇನ್ನೂ ಕೂತಿಲ್ಲ. ಲ್ಯಾಬಿನವರು ಒಮ್ಮೆನೂ ತಮ್ಮ ತಪ್ಪು ಅನ್ನಂಗಿಲ್ಲ ನೋಡ್ರಿ.

ಕೊಪ್ಪಳ ಲ್ಯಾಬ್: ಡಾಕ್ಟ್ರೆ, ಪ್ರೆಪ್ (ನೀವು ಕೊರೆದು ಕೊಟ್ಟ ಹಲ್ಲು) ತುದಿ ಚಾಕುವಿನಂಗ ಚೂಪು ಬಿಟ್ರ ಮಿಲ್ಲಿಂಗ್ ಬರ್ ಒಳಗ ಹೋಗಂಗಿಲ್ರಿ. 1 ಮಿಮೀ ಬರ್ ಅದಕ್ಕಿಂತ ಸಣ್ಣ ಮೂಲಿ ಹೆಂಗ ಕೊರೀತೈತಿ? ಎರಡು ಹಲ್ಲಿನ ಮ್ಯಾಲೆ ಬ್ರಿಡ್ಜ್ ಇಳಿಯೋ ದಾರಿ ಬ್ಯಾರೆ ಬ್ಯಾರೆ ದಿಕ್ಕಿಗೆ ಇದ್ರ ನಾವೇನ್ ಮಾಡೂಣು?

ರಾಯಚೂರು ಡೆಂಟಿಸ್ಟ್: ಹಂಗಿದ್ರ ಮಾಡೆಲ್ ಬಂದ ದಿನಾನ ಫೋನ್ ಮಾಡ್ರಿ. ಮಿಲ್ ಮಾಡಿದ ಮ್ಯಾಲೆ ಯಾಕ ಹೇಳ್ತೀರಿ?

ಕೊಪ್ಪಳ ಲ್ಯಾಬ್: ಫೋನ್ ಮಾಡಿದ್ರ ಎತ್ತವರು ಯಾರ್ರಿ. ಯೂನಿಟ್ ರೇಟ್ ಕಡಿಮಿ ಮಾಡ್ರಿ ಅನ್ನಾಕ ಮಾತ್ರ ತಾವಾ ಫೋನ್ ಮಾಡ್ತೀರಿ.

ಯಲಬುರ್ಗಾ: ಇಂಪ್ಲಾಂಟ್ ಮ್ಯಾಲಿನ ಬ್ರಿಡ್ಜಿಗೆ ಗ್ಯಾಪ್ ಎಷ್ಟು ಕೊಡಬೇಕು? ಯಾರಾದ್ರೂ ಹೇಳ್ರಿ.

ಸಿಂಧನೂರು: ರೇಟ್ ಕೆಡಿಸಿದವರು ಕೊಪ್ಪಳದವರಾ, ಈಗ ಡಾಕ್ಟರಿಗೆ ಅಂತಾರ.

ಲಿಂಗಸುಗೂರು: ಸರ್, ಟೆಂಪರೇಚರ್ ಎಷ್ಟು?

ಉತ್ತರ: ಮೇಲೆ ಬರೆದೀನಿ.

ಗಂಗಾವತಿ ಲ್ಯಾಬ್: ಸರ, ನೋಡಿದೆ. ಡಿಸ್ಕ್ ಮ್ಯಾಲೆ 1.245, ಸಾಫ್ಟ್‌ವೇರ್‌ನಾಗ 1.235 ಐತಿ. ಸಪೋರ್ಟ್ ಕತ್ತರಿಸಿದ್ದಿಲ್ಲ. ಈಗ ಇದನ್ನ ಉಳಿಸಾಕ ಬರ್ತೈತೇನ್ರಿ?

ಉತ್ತರ: ಇಲ್ಲ. ಚಿಕ್ಕದಾಗಿ ಮಿಲ್ ಆಗಿದೆ, ದೊಡ್ಡದು ಮಾಡೋಕೆ ಆಗಲ್ಲ. ಸಂಖ್ಯೆ ತಿದ್ದಿ ಹೊಸದು ಮಿಲ್ ಮಾಡ್ರಿ. ಸಿಂಟರ್ ಮಾಡೋ ಮೊದಲು ಕ್ಯಾಲಿಪರ್‌ನಿಂದ 13ರ ಹೊರಗಿಂದ 23ರ ಹೊರಗೆ ಅಳೆಯಿರಿ, ಆದಮೇಲೆ ಅದೇ ಜಾಗ ಮತ್ತೆ ಅಳೆಯಿರಿ. ಮೊದಲಿಂದನ್ನ ಎರಡನೇದರಿಂದ ಭಾಗಿಸಿದ್ರೆ 1.245 ಹತ್ತಿರ ಬರಬೇಕು. ಬರಲಿಲ್ಲ ಅಂದ್ರೆ ಫೋಟೋ ಹಾಕ್ರಿ, ಫರ್ನೇಸ್ ಕಡೆ ನೋಡೋಣ. ಈ ಬ್ಯಾಚಿನ ಸಿಂಗಲ್ ಕ್ರೌನ್‌ಗಳ ಮಾರ್ಜಿನ್ (ಅಂಚು) ಕೂಡ ಇನ್ನೊಮ್ಮೆ ನೋಡಿ ಕಳಿಸ್ರಿ.

ರೇಟಿನ ಜಗಳ ಬೇರೆ ಗ್ರೂಪಿನಲ್ಲಿ ಮಾಡ್ರಿ.

ಕೊಪ್ಪಳ ಲ್ಯಾಬ್: ಶುರು ಮಾಡಿದ್ದು ನಾವಲ್ರಿ.