ಗ್ವಯಸಮೀನ್ ಚಿತ್ರಸರಣಿ: ‘ಇರಾ’ ಅಂದರೆ ಕ್ರೋಧವೋ, ಸಿಟ್ಟೋ?

ಪ್ರಶ್ನೆ:
ಈಕ್ವೆಡಾರ್‌ನ ಚಿತ್ರಕಾರ ಓಸ್ವಾಲ್ದೊ ಗ್ವಯಸಮೀನ್ (1919–1999) ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರಲಾಗುತ್ತಿದೆ. ‘ಲಾ ಎದಾದ್ ದೆ ಲಾ ಇರಾ’, ‘ಲಾ ಎದಾದ್ ದೆ ಲಾ ತೆರ್ನೂರಾ’ ಎಂಬ ಸ್ಪ್ಯಾನಿಷ್ ಹೆಸರಿನ ಎರಡು ಚಿತ್ರಸರಣಿಗಳಿಗೆ ಕರಡಿನಲ್ಲಿ ‘ಕ್ರೋಧಯುಗ’, ‘ವಾತ್ಸಲ್ಯಯುಗ’ ಎಂದಿದೆ. ಒಪ್ಪುತ್ತದೆಯೇ? ಎಕ್ಸ್‌ಪ್ರೆಷನಿಸಂಗೆ ಅಭಿವ್ಯಕ್ತಿವಾದ, ಅಭಿವ್ಯಂಜನಾವಾದ ಎರಡೂ ಕಾಣುತ್ತವೆ. ಯಾವುದನ್ನು ಹಿಡಿಯಬೇಕು? ಬಲ್ಲವರು ತಿಳಿಸಿ.

ಉತ್ತರ:
ನಮಸ್ಕಾರ. ಕೊನೆಯದಕ್ಕೆ ಮೊದಲು ಉತ್ತರ. ಅಭಿವ್ಯಕ್ತಿವಾದವೇ ಇರಲಿ. ‘ವ್ಯಂಜನೆ’ ಎಂದೊಡನೆ ನಮ್ಮ ಕಾವ್ಯಮೀಮಾಂಸೆಯ ಧ್ವನಿ, ಸೂಚ್ಯಾರ್ಥಗಳು ನೆನಪಾಗುತ್ತವೆ. ಈ ಪಂಥದವರು ಸೂಚಿಸಿ ಸುಮ್ಮನಾಗುವವರಲ್ಲ, ಮುಖ, ಮೈ, ಬಣ್ಣಗಳನ್ನು ತಿರುಚಿ ಒಳಗಿನದನ್ನು ನೇರವಾಗಿ ಹೊರಹಾಕುವವರು.

‘ಕ್ರೋಧ’ ನನಗೆ ಒಗ್ಗುವುದಿಲ್ಲ. ಅರಿಷಡ್ವರ್ಗದಲ್ಲಿ ಸೇರಿರುವ ಆ ಪದಕ್ಕೆ ‘ಗೆಲ್ಲಬೇಕಾದ ದೋಷ’ ಎಂಬ ಭಾವ ಅಂಟಿಕೊಂಡಿದೆ. ಗ್ವಯಸಮೀನ್ ತನ್ನ ಸಿಟ್ಟನ್ನು ದೋಷವೆಂದು ಬಗೆದವನಲ್ಲ. ಈಕ್ವೆಡಾರ್‌ನ ರಾಜಧಾನಿ ಕೀತೊದ ಬೀದಿಯಲ್ಲಿ ನಡೆದ ಪ್ರತಿಭಟನೆಯೊಂದರಲ್ಲಿ ಆಪ್ತ ಗೆಳೆಯ ಸತ್ತ. ಅದರಿಂದ ‘ಸತ್ತ ಮಕ್ಕಳು’ ಚಿತ್ರ ಹುಟ್ಟಿತು. ಮುಂದೆ ಇದೇ ಸಿಟ್ಟು 20ನೇ ಶತಮಾನದ ಯುದ್ಧಗಳು, ಸೆರೆಶಿಬಿರಗಳವರೆಗೆ ಹರಡಿತು. ‘ರೊಚ್ಚು’ ಎಂದರೆ ಕುರುಡು ಗುಂಪು ಕಣ್ಣಿಗೆ ಕಟ್ಟುತ್ತದೆ. ‘ಆಕ್ರೋಶ’ ಅರ್ಥದಲ್ಲಿ ಹತ್ತಿರವೇನೋ ಹೌದು, ಆದರೆ ದಿನಾ ‘ಸಾರ್ವಜನಿಕರ ಆಕ್ರೋಶ’ ಓದಿ ಓದಿ ಅದು ಸವೆದುಹೋಗಿದೆ. ಯುಗ ಎಂದರೆ ಕೃತ, ತ್ರೇತಾ ಸಾಲಿಗೆ ಹೋಗಿಬಿಡುತ್ತದೆ. ‘ಸಿಟ್ಟಿನ ಕಾಲ’ ಸಾಕು.

ಎರಡನೆಯದನ್ನು ಆತ ತಾಯಿಯ ನೆನಪಿಗೆ ಅರ್ಪಿಸಿದ್ದು. ವಾತ್ಸಲ್ಯ ಹಿರಿಯರಿಂದ ಕಿರಿಯರ ಕಡೆ ಹರಿಯುವಂಥದ್ದು, ಮಗ ತಾಯಿಗೆ ತೋರಿಸುವುದಕ್ಕೆ ಆ ಪದ ಕೂಡದು. ‘ಅಕ್ಕರೆಯ ಕಾಲ’ ಎಂದರೆ ‘ಸಿಟ್ಟಿನ ಕಾಲ’ಕ್ಕೂ ಜೋಡಿಯಾಗುತ್ತದೆ.

ಸಿಟ್ಟಿನ ಸರಣಿಯಲ್ಲಿ ಬರುವ ಕೈಗಳ ಚಿತ್ರಗಳಿಗೆ ‘ಹಸ್ತ’ ಬಳಸಬೇಡಿ. ಗೆಣ್ಣು ಎದ್ದ, ಎಲುಬೇ ಹೊರಗೆ ಕಾಣುವ ಉದ್ದುದ್ದ ಬೆರಳುಗಳು ಅವು, ಮುಖಕ್ಕಿಂತ ಹೆಚ್ಚು ಮಾತಾಡುತ್ತವೆ. ಹಸ್ತ ಎಂದರೆ ಭವಿಷ್ಯ ಹೇಳುವವರೋ ಚುನಾವಣೆಯೋ ನೆನಪಾದೀತು! ‘ಪ್ರತಿಭಟನೆಯ ಕೈಗಳು’ ಎಂದೇ ಬರೆಯಿರಿ.

ಇನ್ನೊಂದು ಉತ್ತರ:
ಮೇಲಿನವರ ಮಾತು ಒಪ್ಪಿದೆ. ಕರಡಿನಲ್ಲಿ ಇನ್ನೂ ಮೂರು ಕಡೆ ಎಡವುವ ಸಂಭವವಿದೆ.

ಇಂಗ್ಲಿಷಿನಿಂದ ತರುವಾಗ ‘ಇಂಡಿಯನ್ ತಂದೆ’ ಎಂಬುದು ‘ಭಾರತೀಯ ತಂದೆ’ ಆಗಿಬಿಡುತ್ತದೆ, ಓದುಗರು ಆತನ ಬೇರನ್ನು ನಮ್ಮ ದೇಶದಲ್ಲೇ ಹುಡುಕುತ್ತಾರೆ. ತಂದೆ ಕಿಚ್ವಾ ಮೂಲನಿವಾಸಿ, ತಾಯಿ ಮೆಸ್ತಿಸೊ, ಅಂದರೆ ಯುರೋಪಿನವರ ಮತ್ತು ಮೂಲನಿವಾಸಿಗಳ ಮಿಶ್ರ ಮೂಲದವರು. ‘ಮೆಸ್ತಿಸೊ’ವನ್ನು ಹಾಗೇ ಉಳಿಸಿ ಒಮ್ಮೆ ಬಿಡಿಸಿ ಹೇಳಿದರೆ ಸಾಕು, ‘ಸಂಕರ’ ಎಂದು ಮಾತ್ರ ಬರೆಯಬೇಡಿ.

1946ರಿಂದ 52ರವರೆಗೆ ಬರೆದ 103 ಚಿತ್ರಗಳ ಸರಣಿಯ ಹೆಸರು ‘ವಕಾಯ್‌ನ್ಯಾನ್’. ಇದು ಸ್ಪ್ಯಾನಿಷ್ ಅಲ್ಲ, ಕಿಚ್ವಾ: ವಕಾಯ್ ಎಂದರೆ ಅಳು, ನ್ಯಾನ್ ಎಂದರೆ ಹಾದಿ. ರೋಮನ್ ಲಿಪಿಯಲ್ಲಿ ಈ ಹೆಸರು Hನಿಂದ ಶುರುವಾಗುವುದರಿಂದ ಮೊದಲಿಗೆ ‘ಹ’ ಬರೆಯುವುದು ಸಾಮಾನ್ಯ ತಪ್ಪು, ಅಲ್ಲಿ ಆ ಅಕ್ಷರಕ್ಕೆ ಉಚ್ಚಾರವಿಲ್ಲ. ‘ನ್ಯಾ’ ಬದಲು ‘ಞಾ’ ಶಾಸ್ತ್ರಕ್ಕೆ ಸರಿ, ಆದರೆ ಓದುಗರು ತಡವರಿಸುತ್ತಾರೆ. ಕನ್ನಡದಲ್ಲಿ ‘ಅಳುವಿನ ಹಾದಿ’ ಎನ್ನಿ. ‘ಕಣ್ಣೀರ ಹಾದಿ’ ಎಂದರೆ ಉತ್ತರ ಅಮೆರಿಕದ ಚೆರೊಕೀ ಜನರನ್ನು ಒಕ್ಕಲೆಬ್ಬಿಸಿ ನಡೆಸಿದ ಇತಿಹಾಸದೊಂದಿಗೆ ಬೆರೆತುಹೋಗುತ್ತದೆ.

ಗ್ವಯಸಮೀನ್ ಮೆಕ್ಸಿಕೊದಲ್ಲಿ ಅಲ್ಲಿನ ಭಿತ್ತಿಚಿತ್ರಕಾರ ಒರೋಸ್ಕೊ ಜತೆ ಕೆಲಸ ಮಾಡಿದ್ದನ್ನು ಓದಿ ಎಲ್ಲ ಭಿತ್ತಿಚಿತ್ರಗಳನ್ನೂ ‘ಹಸಿಗಾರೆ ಚಿತ್ರ’ (ಫ್ರೆಸ್ಕೊ) ಎಂದುಬಿಡಬೇಡಿ. 1988ರಲ್ಲಿ ಈಕ್ವೆಡಾರ್ ಸಂಸತ್ತಿಗೆ ಮಾಡಿದ್ದು 23 ಫಲಕಗಳ ಕೃತಿ. ಅದರ ಒಂದು ಫಲಕದಲ್ಲಿ ನಾಜಿ ಶಿರಸ್ತ್ರಾಣದ ಮೇಲೆ ಅಮೆರಿಕದ ಬೇಹುಗಾರಿಕೆ ಸಂಸ್ಥೆ ‘ಸಿಐಎ’ಯ ಅಕ್ಷರಗಳಿದ್ದವು, ಅಮೆರಿಕ ಸರ್ಕಾರ ಸಿಡಿಮಿಡಿಗೊಂಡದ್ದು ಅದಕ್ಕೇ. ಕೃತಿ ಫಲಕಗಳದ್ದಾದ್ದರಿಂದ ಅದರ ಬಗೆಗಿನ ವಾಕ್ಯದಲ್ಲಿ ‘ಗೋಡೆ’ ಬೇಡ, ‘ಫಲಕ’ವೇ ಇರಲಿ.